ಕಾವು ಮತ್ತು ಕಾವಲು

ಜತ್ತ, ಅಕ್ಕಲಕೋಟ ಸೀಮೆಯ ಮನೆಗಳಲ್ಲಿ ಕೋಳಿಯನ್ನು ಕಾವಿಗೆ ಕೂಡಿಸುವುದು ಹಿರಿಯ ಹೆಣ್ಣುಮಕ್ಕಳ ವಿದ್ಯೆ. ಬುಟ್ಟಿಯಲ್ಲಿ ಹೊಟ್ಟು ಇಲ್ಲವೆ ಬೂದಿ ಹರಡಿ, ಹತ್ತು ಹನ್ನೆರಡು ತತ್ತಿಗಳನ್ನು ಹೊಂದಿಸಿ, ಮಬ್ಬುಗತ್ತಲೆಯ ಮೂಲೆಯಲ್ಲಿ ಹೇಂಟೆಯನ್ನು ಕೂಡಿಸಿದರೆ ಮೂರು ವಾರಗಳ ಮಟ್ಟಿಗೆ ಮನೆಯವರ ಕೆಲಸ ಮುಗಿದಂತೆ. ಗುಡುಗಿಗೆ ತತ್ತಿ ಕೆಡದಿರಲೆಂದು ಕೆಲವರು ಬುಟ್ಟಿಯಲ್ಲಿ ಕಬ್ಬಿಣದ ಚೂರೊಂದನ್ನು ಇಡುವುದುಂಟು. ಉಳಿದುದೆಲ್ಲ ಕೋಳಿಯ ಪಾಲಿನದು. ಈಗ ಅದೇ ಮನೆಗಳ ಶಾಲಾಮಕ್ಕಳು ಥರ್ಮೊಕೋಲ್ ಪೆಟ್ಟಿಗೆ, ಬಲ್ಬು, ಚಿಕ್ಕ ಫ್ಯಾನು ಸೇರಿಸಿ ಇನ್‌ಕ್ಯುಬೇಟರ್ ಕಟ್ಟಲು ಹವಣಿಸುತ್ತಾರೆ. ಪೆಟ್ಟಿಗೆ ಕಟ್ಟಲು ಒಂದು ರವಿವಾರ ಸಾಕು. ಕೋಳಿ ಮಾಡುತ್ತಿದ್ದ ಕೆಲಸವನ್ನು ಇಪ್ಪತ್ತೊಂದು ದಿನ ತಪ್ಪದೆ ಮಾಡುವುದು ಮನೆಮಂದಿಯೆಲ್ಲ ಒಪ್ಪಿಕೊಳ್ಳಬೇಕಾದ ಹೊಣೆ.

ಯಂತ್ರವೇಕೆ ಬೇಕಾಯಿತೆಂಬ ಪ್ರಶ್ನೆ ಸಹಜ. ಕಾವಿಗೆ ಬರುವುದು, ಮರಾಠಿ ನೆರೆಯವರು ‘ಖುಡುಕ್’ ಎನ್ನುವ ಆ ಸ್ಥಿತಿ, ಕೋಳಿಯ ದೇಹದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿದಾಗ ಉಂಟಾಗುತ್ತದೆ. ಆಗ ಕೋಳಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ. ಹೆಚ್ಚು ತತ್ತಿ ಬೇಕೆಂದು ಬೆಳೆಸಿದ ತಳಿಗಳಲ್ಲಿ ಈ ಗುಣವನ್ನು ತಲೆತಲಾಂತರದ ಆಯ್ಕೆಯಿಂದ ಬಹುಮಟ್ಟಿಗೆ ಕಳೆಯಲಾಗಿದೆ. ಪೇಟೆಯಲ್ಲಿ ‘ಗಾವರಾನ್’ ಎನಿಸಿಕೊಂಡು ಮನೆಯಲ್ಲಿ ‘ಜವಾರಿ’ ಎನಿಸಿಕೊಳ್ಳುವ ಕೋಳಿ ಇಂದಿಗೂ ಕಾವಿಗೆ ಕೂಡುತ್ತದೆ. ಆದರೆ ಅದು ಕೂಡುವುದು ತನ್ನ ಕಾಲಕ್ಕೆ, ಶಾಲೆಯ ವೇಳಾಪಟ್ಟಿಗಲ್ಲ.

ಕೋಳಿಯಿಲ್ಲದೆ ಮರಿ ಮಾಡಿಸುವ ಆಸೆ ಹಳೆಯದು. ಈಜಿಪ್ಟಿನವರು ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳಲ್ಲಿ ಸಾವಿರಾರು ತತ್ತಿಗಳಿಗೆ ಕಾವು ಕೊಡುತ್ತಿದ್ದರು. ಅವರ ಬಳಿ ತಾಪಮಾಪಕವಿರಲಿಲ್ಲ; ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿಯನ್ನು ಅಳೆಯುತ್ತಿದ್ದರು. ಗ್ರೀಸಿನ ಅರಿಸ್ಟಾಟಲ್ ದಿನಕ್ಕೊಂದರಂತೆ ತತ್ತಿ ಒಡೆದು, ನೆತ್ತರಿನ ಚುಕ್ಕೆಯೊಂದು ಮಿಡಿಯುವುದನ್ನು ಬರೆದಿಟ್ಟ. ಹದಿನೇಳನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್ ತನ್ನ ಬಿಸಿಯನ್ನು ತಾನೇ ನಿಯಂತ್ರಿಸಿಕೊಳ್ಳುವ ಕುಲುಮೆಯನ್ನು ರಚಿಸಿದ. ಕೋಳಿತತ್ತಿಗೆ ಕಾವು ಕೊಡುವುದು ಅದರ ಒಂದು ಉದ್ದೇಶವಾಗಿತ್ತು. ಇಂದಿನ ಥರ್ಮೊಸ್ಟ್ಯಾಟಿನ ಮೂಲಪುರುಷರಲ್ಲಿ ಅವನೊಬ್ಬ.

ಮೊದಲ ಎಚ್ಚರಿಕೆ ತತ್ತಿಯ ಆಯ್ಕೆಯಲ್ಲಿ. ಅಂಗಡಿಯ ಬಿಳಿ ತತ್ತಿಯಿಂದ ಮರಿ ಬರುವುದಿಲ್ಲ. ಅಲ್ಲಿನ ಹೇಂಟೆಗಳನ್ನು ಹುಂಜವಿಲ್ಲದೆ ಸಾಕಿರುತ್ತಾರೆ, ತತ್ತಿ ಫಲಿತವಾಗಿರುವುದಿಲ್ಲ. ಹುಂಜದೊಡನೆ ಓಡಾಡುವ ಕೋಳಿಯ ತತ್ತಿಯನ್ನೇ ತರಬೇಕು. ಅದು ಏಳು ದಿನಕ್ಕಿಂತ ಹಳೆಯದಾಗಿರಬಾರದು, ತೀರ ದೊಡ್ಡದು, ತೀರ ಚಿಕ್ಕದು, ಬಿರುಕುಬಿಟ್ಟದ್ದು ಬೇಡ. ಕೂಡಿಡುವಾಗ ಚೂಪು ತುದಿ ಕೆಳಗಿರಬೇಕು, ಜಾಗ ತಂಪಾಗಿರಬೇಕು. ಕೊಳೆಯಾದ ತತ್ತಿಯನ್ನು ತೊಳೆಯಬಾರದು. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಅವುಗಳ ಮೇಲೆ ಪ್ರಕೃತಿಯೇ ಹೊದಿಸಿದ ತೆಳುಪೊರೆಯಿದೆ. ತೊಳೆದರೆ ಪೊರೆ ಹೋಗುತ್ತದೆ, ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ಗಿರಿರಾಜ, ವನರಾಜದಂಥ ಸುಧಾರಿತ ಕೋಳಿಗಳ ತತ್ತಿಯಿಂದಲೂ ಮರಿಯೇನೋ ಆಗುತ್ತದೆ; ಅವು ಸಂಕರದಿಂದ ಬಂದವಾದುದರಿಂದ ತಾಯಿಯ ಗುಣವೇ ಮರಿಗೂ ಬರುವುದೆಂದು ನಂಬುವಂತಿಲ್ಲ.

ಇನ್ನು ಪೆಟ್ಟಿಗೆ. ಥರ್ಮೊಕೋಲ್ ಬಿಸಿಯನ್ನು ಹಿಡಿದಿಡುತ್ತದೆ. ಕಾವಿಗೆ ಹಳೆಯ ತಂತಿಯ ಬಲ್ಬೇ ಬೇಕು. ಎಲ್‌ಇಡಿ ಬಲ್ಬಿನ ಹಿರಿಮೆಯೇ ಬಿಸಿಯಾಗದಿರುವುದು, ಅದು ಇಲ್ಲಿ ಉಪಯೋಗಕ್ಕೆ ಬಾರದು. ಬಲ್ಬು ಥರ್ಮೊಕೋಲಿಗೆ ತಾಗದಂತೆ ಅಂತರ ಬಿಡಬೇಕು. ಬಿಸಿ ಏರಿದಾಗ ಬಲ್ಬನ್ನು ಆರಿಸಿ, ಇಳಿದಾಗ ಹೊತ್ತಿಸಲು ಡಿಜಿಟಲ್ ಥರ್ಮೊಸ್ಟ್ಯಾಟ್, ಗಾಳಿ ಆಡಲು ಚಿಕ್ಕ ಫ್ಯಾನು, ತೇವಕ್ಕೆ ನೀರಿನ ಬಟ್ಟಲು, ಉಸಿರಿಗೆ ನಾಲ್ಕಾರು ತೂತು, ನೋಡಲು ಗಾಜಿನ ಕಿಂಡಿ, ಇಷ್ಟೇ ಸಲಕರಣೆ. ಚಿಪ್ಪಿನೊಳಗಿನ ಜೀವಕ್ಕೂ ಆಮ್ಲಜನಕ ಬೇಕಾದುದರಿಂದ ತೂತುಗಳನ್ನು ಮುಚ್ಚಬಾರದು. ವಿದ್ಯುತ್ ಜೋಡಣೆಯನ್ನು ಮಾತ್ರ ತಿಳಿದ ಹಿರಿಯರೇ ಮಾಡಬೇಕು. ನೀರು ಮತ್ತು ವಿದ್ಯುತ್ತು ಒಂದೇ ಪೆಟ್ಟಿಗೆಯಲ್ಲಿರುವಾಗ ಮಕ್ಕಳ ಕೈ ಅಲ್ಲಿಗೆ ಹೋಗಬಾರದು.

ಫ್ಯಾನಿರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನಿಲ್ಲದಿದ್ದರೆ ಬಿಸಿ ಮೇಲಕ್ಕೆ ಸೇರುವುದರಿಂದ, ತತ್ತಿಯ ಮೇಲ್ಮೈ ಮಟ್ಟದಲ್ಲಿ ಅಳೆದು 38.5ರ ಸುಮಾರಿಗೆ ನಿಲ್ಲಿಸಬೇಕು. ಗಾಳಿಯ ಆರ್ದ್ರತೆ ಮೊದಲ ಹದಿನೆಂಟು ದಿನ ಶೇಕಡಾ 50ರ ಆಸುಪಾಸು, ಕೊನೆಯ ಮೂರು ದಿನ 65ರಿಂದ 70. ತತ್ತಿ ಇಡುವ ಮೊದಲು ಬರಿಯ ಪೆಟ್ಟಿಗೆಯನ್ನು ಒಂದೆರಡು ದಿನ ನಡೆಸಿ ನೋಡುವುದು ಜಾಣತನ. ತತ್ತಿ ತಣ್ಣಗಾಗುವುದಕ್ಕಿಂತ ಕಾಯುವುದು ಕೇಡು. ಈ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ನಲವತ್ತು ಡಿಗ್ರಿ ದಾಟುತ್ತದೆ. ಪೆಟ್ಟಿಗೆ ಬಿಸಿಯನ್ನು ಕೊಡಬಲ್ಲದು, ತಂಪನ್ನು ಕೊಡಲಾರದು. ಬಲ್ಬು ಆರಿದ್ದರೂ ಒಳಗಿನ ಜೀವ ಬೇಯುತ್ತದೆ. ಆದುದರಿಂದ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಈ ಕೆಲಸಕ್ಕೆ ಒಳ್ಳೆಯದು.

ಕಾವಿಗೆ ಕೂತ ಕೋಳಿ ಹಗಲಿರುಳು ತತ್ತಿಗಳನ್ನು ಕೊಕ್ಕಿನಿಂದ ಹೊರಳಿಸುತ್ತಿರುತ್ತದೆ. ಹಾಗೆ ಹೊರಳಿಸದಿದ್ದರೆ ಹಳದಿ ಲೋಳೆ ಮೇಲಕ್ಕೆ ತೇಲಿ, ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಈ ಕೆಲಸ ಮಗುವಿನದು. ಪೆನ್ಸಿಲಿನಿಂದ ತತ್ತಿಯ ಒಂದು ಮಗ್ಗುಲಿಗೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಬರೆದರೆ ಯಾವುದು ತಿರುಗಿತು, ಯಾವುದು ಉಳಿಯಿತೆಂದು ತಿಳಿಯುತ್ತದೆ. ದಿನಕ್ಕೆ ಮೂರು ಇಲ್ಲವೆ ಐದು ಸಲ ತಿರುಗಿಸಬೇಕು. ಬೆಸ ಸಂಖ್ಯೆಯಾದರೆ ಇರುಳಿನ ದೀರ್ಘ ಹೊತ್ತನ್ನು ಒಂದೇ ಮಗ್ಗುಲು ದಿನದಿನವೂ ಕಳೆಯುವುದಿಲ್ಲ. ಕೈ ತೊಳೆದೇ ಮುಟ್ಟಬೇಕು. ಲೆಕ್ಕದಲ್ಲಿಯೂ ಎಚ್ಚರ ಬೇಕು. ಇಟ್ಟ ದಿನ ಸೊನ್ನೆ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಒಂದು. ಹೀಗೆ ಎಣಿಸಿದರೆ ಶನಿವಾರ ಸಂಜೆ ಇಟ್ಟ ತತ್ತಿಗೆ ಮೂರನೆಯ ವಾರದ ಶನಿವಾರ ಸಂಜೆ ಇಪ್ಪತ್ತೊಂದು ತುಂಬುತ್ತದೆ. ಮರಿ ಹೊರಬರುವ ಹೊತ್ತಿಗೆ ಮರುದಿನ ಶಾಲೆಗೆ ರಜೆಯಿರುತ್ತದೆ.

ವಿದ್ಯುತ್ತು ಹೋದರೆ ಎಂಬ ಅಂಜಿಕೆ ಎಲ್ಲ ಮನೆಗಳಲ್ಲಿಯೂ ಇದೆ. ಕೋಳಿಯೂ ದಿನಕ್ಕೊಮ್ಮೆ ಮೇವು ನೀರಿಗೆಂದು ಕಾಲು ಗಂಟೆ ಎದ್ದು ಹೋಗುತ್ತದೆ, ತತ್ತಿ ಅಷ್ಟರಲ್ಲಿ ಕೆಡುವುದಿಲ್ಲ. ಒಂದೆರಡು ಗಂಟೆ ವಿದ್ಯುತ್ತಿಲ್ಲವಾದರೆ ಪೆಟ್ಟಿಗೆಯನ್ನು ತೆರೆಯದೆ, ಗಾಳಿಯ ತೂತುಗಳನ್ನು ಬಿಟ್ಟು, ಮೇಲೆ ಕೌದಿ ಹೊದಿಸಿದರೆ ಸಾಕು. ಹೆಚ್ಚು ಹೊತ್ತಾದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಒಳಗೆ, ತತ್ತಿಗೆ ತಾಗದಂತೆ ಇಡಬಹುದು. ದಿನಗಟ್ಟಲೆ ವಿದ್ಯುತ್ತು ಬಾರದ ಊರಿನಲ್ಲಿ ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಏಳನೆಯ ದಿನ ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ತತ್ತಿಯ ದಪ್ಪ ತುದಿಗೆ ಹಿಡಿಯಬೇಕು. ಹಿಂದಿನವರು ಬೆಳಕಿಂಡಿಯ ಕೋಲುಬಿಸಿಲಿಗೆ ಹಿಡಿದು ನೋಡುತ್ತಿದ್ದುದೂ ಇದನ್ನೇ. ಜೀವವಿದ್ದರೆ ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಜೇಡರ ಬಲೆಯಂತೆ ಕೆಂಪು ನಾಳಗಳು ಕಾಣುತ್ತವೆ. ಭ್ರೂಣದ ಹೃದಯ ಎರಡನೆಯ ದಿನವೇ ಮಿಡಿಯತೊಡಗಿರುತ್ತದೆ. ಏನೂ ಕಾಣದೆ ಹೊಳೆಯುವ ತತ್ತಿ ಫಲಿತವಾಗಿಲ್ಲ. ನಾಳಗಳಿಲ್ಲದೆ ನೆತ್ತರಿನ ಉಂಗುರ ಮಾತ್ರ ಕಂಡರೆ ಜೀವ ಮೊದಲೇ ನಿಂತಿದೆ. ಅಂಥವನ್ನು ತೆಗೆದು ಹೂಳಬೇಕು, ಒಳಗೆ ಕೊಳೆತರೆ ಉಳಿದವಕ್ಕೂ ಕೇಡು. ಗ್ರಾಮು ತೋರಿಸುವ ತಕ್ಕಡಿ ಇದ್ದರೆ ಇಲ್ಲೊಂದು ಒಳ್ಳೆಯ ಲೆಕ್ಕವೂ ಇದೆ. ನೀರು ಆವಿಯಾಗುವುದರಿಂದ ಹದಿನೆಂಟನೆಯ ದಿನಕ್ಕೆ ತತ್ತಿ ಶೇಕಡಾ 12ರಷ್ಟು ತೂಕ ಕಳೆಯಬೇಕು. 50 ಗ್ರಾಮಿನದು 44ಕ್ಕೆ, ಒಂಬತ್ತನೆಯ ದಿನ 47ಕ್ಕೆ ಬಂದಿದ್ದರೆ ತೇವ ಸರಿಯಾಗಿದೆ. ತೂಕ ಬೇಗ ಇಳಿದರೆ ಬಟ್ಟಲಿನ ನೀರನ್ನು ಹೆಚ್ಚಿಸಬೇಕು, ಇಳಿಯದಿದ್ದರೆ ಕಡಿಮೆ ಮಾಡಬೇಕು. ಶೇಕಡಾವಾರು ಲೆಕ್ಕ ಇಷ್ಟು ನೇರವಾಗಿ ಜೀವಕ್ಕೆ ತಾಗುವ ಜಾಗ ಪಾಠದ ಪುಸ್ತಕದಲ್ಲಿ ಸಿಗಲಾರದು.

ಹದಿನೆಂಟನೆಯ ದಿನದ ಮೇಲೆ ತಿರುಗಿಸುವುದನ್ನು ನಿಲ್ಲಿಸಿ, ಆರ್ದ್ರತೆಯನ್ನು ಏರಿಸಿ, ಪೆಟ್ಟಿಗೆಯನ್ನು ಮುಚ್ಚಿಬಿಡಬೇಕು. ಮರಿ ಮೊದಲು ತತ್ತಿಯೊಳಗಿನ ಗಾಳಿಯ ಕೋಣೆಗೆ ಕೊಕ್ಕು ತೂರಿಸಿ ಉಸಿರಾಡಲು ಕಲಿಯುತ್ತದೆ. ಚಿಪ್ಪಿನೊಳಗಿಂದಲೇ ಚಿಂವ್ ಎಂಬ ದನಿ ಕೇಳುವುದು ಆಗ. ಅನಂತರ ಕೊಕ್ಕಿನ ತುದಿಯ ಗಟ್ಟಿ ಮೊಳಕೆಯಿಂದ ಚಿಪ್ಪಿಗೆ ಒಂದು ಕಿಂಡಿ ಮಾಡುತ್ತದೆ. ಕಿಂಡಿಯಾದ ಮೇಲೆ ಹನ್ನೆರಡು, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆ ಅದು ಸುಮ್ಮನಿದ್ದಂತೆ ತೋರುತ್ತದೆ. ಮನೆಯಲ್ಲಿ ಕಷ್ಟವಾಗುವುದು ಇದೇ ಹೊತ್ತು. ‘ಪಾಪ, ಒದ್ದಾಡತೈತಿ, ಬಿಡಿಸೋಣು’ ಎಂದು ಮಗು ಅಂಗಲಾಚುತ್ತದೆ, ದೊಡ್ಡವರ ಕೈಯೂ ಮುಂದಾಗುತ್ತದೆ. ಆ ಸುಮ್ಮನಿರುವಿಕೆಯಲ್ಲಿ ಪೊರೆಯ ನಾಳಗಳ ನೆತ್ತರು ಮರಿಯ ದೇಹಕ್ಕೆ ಮರಳುತ್ತಿರುತ್ತದೆ, ಉಳಿದ ಹಳದಿ ಲೋಳೆ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಅವಸರದಿಂದ ಚಿಪ್ಪು ಸುಲಿದರೆ ನಾಳ ಹರಿದು ನೆತ್ತರು ಸುರಿಯುತ್ತದೆ. ಮುಚ್ಚಳ ತೆರೆದರೂ ತೇವ ಹೊರಹೋಗಿ ಪೊರೆ ಒಣಗಿ ಮರಿಗೆ ಬಿಗಿಯುತ್ತದೆ; ಒಂದು ಮರಿಗೆ ಮಾಡಿದ ಉಪಕಾರ ಇನ್ನೊಂದಕ್ಕೆ ಉರುಳಾಗುತ್ತದೆ. ಕಿಂಡಿಯಿಂದ ನೋಡುತ್ತ ಕೈಕಟ್ಟಿ ಕೂಡುವುದೇ ಆಗಿನ ಸೇವೆ.

ಹೊಟ್ಟೆ ಸೇರಿದ ಹಳದಿ ಲೋಳೆಯ ಬಲದಿಂದ ಮರಿ ಎರಡು ದಿನ ಮೇವಿಲ್ಲದೆ ಇರಬಲ್ಲದು. ಆದುದರಿಂದ ಮೈ ಒಣಗಿ ಪುಕ್ಕ ಅರಳುವವರೆಗೆ ಪೆಟ್ಟಿಗೆಯಲ್ಲಿಯೇ ಬಿಡಬಹುದು. ಮುಂದೆ ಬಲ್ಬಿನ ಕೆಳಗೆ ಮೊದಲ ವಾರ 35 ಡಿಗ್ರಿ, ಅನಂತರ ವಾರಕ್ಕೆ ಮೂರರಂತೆ ಇಳಿಸಬೇಕು. ಮರಿಗಳು ಗುಂಪುಗೂಡಿ ಚೀರಿದರೆ ಚಳಿ, ಬಲ್ಬಿನಿಂದ ದೂರ ಸರಿದು ಬಾಯಿ ತೆರೆದರೆ ಸೆಕೆ. ನುಣುಪು ಕಾಗದದ ಮೇಲೆ ಕಾಲು ಜಾರಿ ಕವಲೊಡೆಯುವುದರಿಂದ ಗೋಣಿತಟ್ಟು ಹಾಸಬೇಕು. ನೀರಿನ ತಟ್ಟೆಯಲ್ಲಿ ಗೋಲಿಗಳನ್ನಿಟ್ಟರೆ ಮರಿ ಮುಳುಗದು. ರಾಣಿಖೇತ್ ರೋಗದ ಲಸಿಕೆಯನ್ನು ಮೊದಲ ವಾರದಲ್ಲಿಯೇ ಹಾಕಿಸಲು ಪಶು ದವಾಖಾನೆಯಲ್ಲಿ ಮುಂಚಿತವಾಗಿ ವಿಚಾರಿಸಿರಬೇಕು. ಮರಿಯನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಬೇಕು, ಮುದ್ದಿಟ್ಟು ಮುಖಕ್ಕೆ ಒತ್ತಿಕೊಳ್ಳಬಾರದು.

ತತ್ತಿ ಇಡುವ ಮೊದಲೇ ತೀರ್ಮಾನಿಸಬೇಕಾದ ಮಾತು ಇನ್ನೊಂದಿದೆ. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳು. ಒಂದು ಅಂಗಳಕ್ಕೆ ಒಂದು ಹುಂಜ ಸಾಕು. ಉಳಿದವು ಯಾರ ಮನೆಗೆ, ಯಾವ ಸಂತೆಗೆ, ಯಾವ ಹಬ್ಬಕ್ಕೆ ಎಂಬುದನ್ನು ಮಗುವಿನಿಂದ ಮುಚ್ಚಿಟ್ಟು, ಮೂರು ತಿಂಗಳ ಮೇಲೆ ಒಮ್ಮೆಲೇ ತೋರಿಸುವುದು ಅನ್ಯಾಯ. ಹತ್ತಕ್ಕೆ ಹತ್ತೂ ಮರಿಯಾಗುವುದು ಅಪರೂಪವೆಂಬುದನ್ನೂ ಮೊದಲೇ ಹೇಳಿರಬೇಕು. ಒಡೆಯದೆ ಉಳಿದ ತತ್ತಿಯ ಮುಂದೆ ಅಳುವ ಮಗುವಿಗೆ ಸುಳ್ಳು ಸಮಾಧಾನ ಬೇಡ. ಬಿಸಿ ಎಷ್ಟಿತ್ತು, ಯಾವ ದಿನ ಎಷ್ಟು ಸಲ ತಿರುಗಿಸಲಾಯಿತು ಎಂದು ಬರೆದಿಟ್ಟ ವಹಿ ಇದ್ದರೆ ಕಾರಣವನ್ನು ಕೂಡಿ ಹುಡುಕಬಹುದು.

ಆ ವಹಿ ಕನ್ನಡದಲ್ಲಿರಲಿ. ಅಂಗಡಿಯ ಪೆಟ್ಟಿಗೆಯ ಮೇಲಿನ ಸೂಚನೆ ಇಂಗ್ಲಿಷಿನಲ್ಲಿರುತ್ತದೆ, ಸಂತೆಯ ಮಾತು ಮರಾಠಿಯಲ್ಲಿ. ಆದರೆ ಕಾವು, ಹದ, ಜೊಳ್ಳು, ಪೊರೆ, ಕಿಂಡಿ ಎಂಬ ಮಾತುಗಳು ಅಜ್ಜಿಯ ನಾಲಿಗೆಯಲ್ಲಿ ಸಿದ್ಧವಾಗಿಯೇ ಇವೆ. ಮೊಮ್ಮಗಳು ತಾಪಮಾಪಕ ನೋಡಿ ಅಂಕಿ ಬರೆಯಲಿ, ಅಜ್ಜಿ ತತ್ತಿ ಮುಟ್ಟಿ ಮಾತು ಹೇಳಲಿ. ಕನ್ನಡ ಶಾಲೆಯ ಮಗುವಿಗೆ ಮನೆಯ ಮಾತಿನಲ್ಲಿಯೇ ವಿಜ್ಞಾನವಿದೆಯೆಂದು ತಿಳಿಯಲು ಅಷ್ಟು ಸಾಕು.