ಒಲೆಯನ್ನೆಣಿಸುವ ವಿದ್ಯೆ

ತೊಗರಿಯ ರಾಶಿ ನಡೆಯುವ ದಿನಗಳಲ್ಲಿ, ಕಮಲಾಪುರದ ಕೆಂಪು ಬಾಳೆಯ ತೋಟವೊಂದರ ಅಂಚಿನಲ್ಲಿ, ಪ್ರಶ್ನಾವಳಿಯ ಹಾಳೆಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಸಂಜೆಯ ಬಸ್ಸಿಗೆ ಕಲಬುರಗಿಗೆ ಮರಳಬೇಕೆಂಬ ಅವಸರದಲ್ಲಿ ‘ಕುಟುಂಬದ ಸದಸ್ಯರ ಸಂಖ್ಯೆ ಎಷ್ಟು?’ ಎಂದು ನಾನೊಮ್ಮೆ ಒಬ್ಬ ವೃದ್ಧೆಯನ್ನು ಕೇಳಲಾಗಿ, ಆಕೆ ಕ್ಷಣಕಾಲ ನನ್ನ ಮುಖವನ್ನೇ ನೋಡಿ, ‘ಏಳ್ ಮಂದಿ ಅದೀವ್ರಿ’ ಎಂದಳು. ಏಳೆಂದು ಬರೆದೆನು. ಬಸ್ಸು ತಪ್ಪಿತು. ಆಕೆಯ ಮನೆಯಲ್ಲಿಯೇ ಜೋಳದ ರೊಟ್ಟಿಗೆ ಕುಳಿತಾಗಲಷ್ಟೆ ತಿಳಿದದ್ದು, ಆ ಒಲೆಯ ಮೇಲೆ ಬೇಯುತ್ತಿದ್ದುದು ಮೂವರ ರೊಟ್ಟಿಯೆಂದು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ದೀಪಾವಳಿ ಮುಗಿದ ಕೂಡಲೇ ಗುಳೆ ಹೋಗಿ ಮುಂಬಯಿಯಲ್ಲಿ ಕಟ್ಟಡದ ಕೆಲಸ ಹಿಡಿದಿದ್ದರು. ಆಕೆ ಸುಳ್ಳಾಡಿದಳೆ? ಇಲ್ಲ. ರೇಷನ್ ಕಾರ್ಡಿನಲ್ಲಿಯೂ ಏಳು, ಆಕೆಯ ಮನಸ್ಸಿನಲ್ಲಿಯೂ ಏಳು. ಕುಟುಂಬವೆಂದರೆ ಒಲೆಯೋ, ಸೂರೋ, ರಕ್ತಸಂಬಂಧವೋ ಎಂಬುದನ್ನು ನಿಶ್ಚಯಿಸದೆ ಹಾಳೆ ಹಿಡಿದು ಹೊರಟವನು ನಾನು.

ಎಣಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2002ರಲ್ಲಿ ಪ್ರಾದೇಶಿಕ ಅಸಮತೋಲನವನ್ನು ಕುರಿತ ನಂಜುಂಡಪ್ಪ ಸಮಿತಿಯು 35 ಸೂಚಕಗಳಿಂದ ರಾಜ್ಯದ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದವೆಂದು ತೋರಿಸದಿದ್ದರೆ, ನಮ್ಮ ಭಾಗದ ವ್ಯಥೆಯು ಸಭೆಗಳ ಭಾಷಣದಲ್ಲಿಯೇ ಕರಗಿಹೋಗುತ್ತಿತ್ತು. ಆದರೆ ಅಂಕಿಯೊಂದು ಯಾವ ಮಾಸದಲ್ಲಿ, ಯಾರ ಜಗಲಿಯ ಮೇಲೆ, ಯಾವ ಶಬ್ದದ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ವಿಚಾರಿಸದವನು ಲೆಕ್ಕಿಗನಾದಾನು, ಸಮಾಜಶಾಸ್ತ್ರಜ್ಞನಾಗಲಾರನು.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದಕ್ಕೆ ಹೋಗಿ, ತಿಂಗಳುಗಟ್ಟಲೆ ಅಲ್ಲಿಯೇ ನೆಲೆಸಿ, ಉಳುಮೆ, ಜಗಳ, ಪಂಚಾಯಿತಿ, ಹಬ್ಬಗಳನ್ನು ಕಣ್ಣಾರೆ ಕಂಡು ಬರೆದಿಟ್ಟುಕೊಂಡಿದ್ದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಆ ಟಿಪ್ಪಣಿಗಳನ್ನು ಸಂಸ್ಕರಿಸಿ ಸಿದ್ಧಪಡಿಸಿದ್ದ ಪ್ರತಿಗಳು ಆಹುತಿಯಾದವು. ಅನಂತರ ಅವರು ಬಹುಮಟ್ಟಿಗೆ ನೆನಪನ್ನೇ ನೆಚ್ಚಿ, ಆ ಊರಿಗೆ ರಾಂಪುರವೆಂಬ ಹೆಸರಿಟ್ಟು ಬರೆದ ಗ್ರಂಥವು 1976ರಲ್ಲಿ ಹೊರಬಂದಿತು. ನನ್ನಂತಹ ಒಂದು ಹಗಲಿನ ಸಮೀಕ್ಷಕನ ಹಾಳೆಗಳು ಸುಟ್ಟಿದ್ದರೆ ಏನನ್ನು ನೆನೆದು ಬರೆಯಬಹುದಾಗಿತ್ತು? ಶ್ರೀನಿವಾಸರ ಆ ನೆನಪಿಗಿಂತಲೂ ನಾನು ಮೆಚ್ಚುವುದು ಅವರ ಪ್ರಾಂಜಲತೆಯನ್ನು: ಗೌಡರ ಆಶ್ರಯದಲ್ಲಿ, ಅವರ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ತಾವು ಬಿಡಾರ ಮಾಡಿದ್ದರಿಂದ, ದಲಿತರ ಕೇರಿಯೂ ಹೆಂಗಸರ ಲೋಕವೂ ತಮಗೆ ಪೂರ್ತಿ ತೆರೆಯಲಿಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ. ಸಂಶೋಧಕನು ಎಲ್ಲಿ ಉಂಡನೆಂಬುದು ಅವನು ಏನನ್ನು ಕಂಡನೆಂಬುದನ್ನು ಅರ್ಧ ನಿರ್ಣಯಿಸಿಬಿಡುತ್ತದೆ.

ನಮ್ಮ ಸೀಮೆಗೂ ಇಂತಹ ಅತಿಥಿ ಬಂದದ್ದುಂಟು. ಅಮೆರಿಕದ ಮಾನವಶಾಸ್ತ್ರಜ್ಞ ಆಲನ್ ಬೀಲ್ಸ್ ಅಂದಿನ ಗುಲಬರ್ಗಾ ಜಿಲ್ಲೆಯ ಗೋಪಾಲಪುರದಲ್ಲಿ ವಾಸವಾಗಿದ್ದು ಬರೆದ ಪುಸ್ತಕವು 1962ರಲ್ಲಿ ಪ್ರಕಟವಾಯಿತು. ಸಮುದ್ರ ದಾಟಿ ಬಂದವನಿಗೆ ಇದ್ದ ವ್ಯವಧಾನ, ಬಸ್ಸಿನಲ್ಲಿ ಒಂದು ಗಂಟೆಯ ಹಾದಿಯಲ್ಲಿರುವ ನಮಗಿಲ್ಲವೆ? 1980ರಿಂದ ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಗ್ರಾಮಜೀವನವನ್ನು ಕುರಿತು ಡಾಕ್ಟರೇಟ್ ಬಯಸುವವನು ಮುಂಗಾರಿನ ತೊಗರಿ ಬಿತ್ತನೆಯಿಂದ ರಾಶಿಯವರೆಗೆ, ಗುಳೆ ಹೋದವರು ಹಿಂದಿರುಗಿ ಮತ್ತೆ ನೇಗಿಲು ಹಿಡಿಯುವವರೆಗೆ, ಒಂದೇ ಊರಿನಲ್ಲಿ ಇರತಕ್ಕದ್ದೆಂದು ನಿಯಮ ಮಾಡಬೇಕು. ಅದಕ್ಕೆ ವೇತನವನ್ನೂ ಕೊಡಬೇಕು, ಏಕೆಂದರೆ ಬಡವರ ಮಕ್ಕಳು ಬರಿಯ ನಿಯಮವನ್ನು ಉಣ್ಣಲಾರರು. ಕೆಂಪು ಬಾಳೆಯ ಒಂದು ಗೊನೆಗಾಗಿ ಕಮಲಾಪುರದ ರೈತನು ಸುಮಾರು ಒಂದೂವರೆ ವರ್ಷ ಕಾಯುತ್ತಾನೆ. ಪರೀಕ್ಷಾ ಮಂಡಲಿಯೂ ಅಷ್ಟು ಕಾಯಲಿ.

ಮರುದಿನ ಮುಂಜಾನೆ ನಾನು ಹೊರಟು ನಿಂತಾಗ ಆ ವೃದ್ಧೆ, ‘ಏನ್ ಬರದೀರಿ, ಓದಿ ಹೇಳ್ರಿ’ ಎಂದಳು. ಏಳನ್ನು ಹೊಡೆದು ಮೂರೆಂದು ತಿದ್ದಿದ್ದೆನು, ಅದನ್ನೇ ಓದಿದೆನು. ಆಕೆಯ ಹುಬ್ಬು ಗಂಟಿಕ್ಕಿತು. ‘ಮತ್ತ ಆ ನಾಕ್ ಮಂದಿ ಏನ್ ಸತ್ತಾರೇನ್ರಿ? ಏಳ್ ಅಂತನ ಬರೀರಿ.’ ಹಾಳೆಯಲ್ಲಿ ಒಂದು ಅಂಕಿಗೆ ಸಾಲುವಷ್ಟೇ ಚೌಕವಿತ್ತು. ಅಂಚಿನ ಖಾಲಿ ಜಾಗದಲ್ಲಿ ಮೂರನ್ನೂ ಏಳನ್ನೂ ಪಕ್ಕಪಕ್ಕದಲ್ಲಿ ಬರೆದು, ಯಾರ ಲೆಕ್ಕ ಯಾವುದೆಂಬುದನ್ನು ಸಣ್ಣಕ್ಷರದಲ್ಲಿ ಸೇರಿಸಿಕೊಂಡು, ಬಸ್ಸಿನ ಕಡೆಗೆ ನಡೆದೆನು.