ಒಂದೇ ಸೂರಿನ ಕೆಳಗೆ ಎರಡು ಸಾಲು

ತಂಜಾವೂರು ಸೀಮೆಯ ಕಡಲಂಚಿನಲ್ಲಿ, ಕಾರೈಕಾಲಿಗೆ ಉತ್ತರದಲ್ಲಿ, ತರಂಗಂಬಾಡಿ ಎಂಬ ಪುಟ್ಟ ಊರಿದೆ. ಅಲ್ಲಿ ಕಿಂಗ್ಸ್ ಸ್ಟ್ರೀಟ್ ಎಂದು ಈಗಲೂ ಕರೆಯುವ ಬೀದಿಯಲ್ಲಿ ಹೊಸ ಯೆರೂಸಲೇಮ್ ಎಂಬ ಲುಥೆರನ್ ದೇವಾಲಯ ನಿಂತಿದೆ. ಮುಮ್ಮುಖದ ಗೋಡೆಯ ಮೇಲೆ ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್‌ನ ಕಿರೀಟಸಹಿತ ಮುದ್ರೆ ಇದೆ. ಅದನ್ನು ನೋಡಿ ಬರೆಯುವವರೆಲ್ಲ ದೊರೆ ಕಟ್ಟಿಸಿದ, ಪಾದ್ರಿ ಬೋಧಿಸಿದ, ಜನ ಉದ್ಧಾರವಾದರು ಎಂದು ಮೂರೇ ಮಾತಿನಲ್ಲಿ ಕತೆ ಮುಗಿಸುತ್ತಾರೆ. ಈ ಕತೆ ನಮಗೆ ಒಪ್ಪಿಗೆಯಿಲ್ಲ.

ಗಿರಣಿಯಲ್ಲಿ ದುಡಿಯುವವರಿಗೂ ಸಂತೆಯಲ್ಲಿ ಅಂಗಡಿ ಹಾಕುವವರಿಗೂ ಮುನ್ನೂರು ವರ್ಷದ ಪಾದ್ರಿಗಳ ಕತೆ ಏತಕ್ಕೆ ಎಂದು ಕೇಳುವವರುಂಟು. ಕಾರಣವಿದೆ. ಕ್ರೈಸ್ತರೊಳಗೆ ಅಂಥ ದಬ್ಬಾಳಿಕೆ ಎಂದೂ ಇರಲಿಲ್ಲ, ಚರಿತ್ರೆಯೇ ಹಾಗೆ ಹೇಳುತ್ತದೆ ಎಂಬರ್ಥದ ಮಾತನ್ನು ಕೇಂದ್ರ ಸರಕಾರ 2022ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿತು. ಆ ಮಾತಿನ ಬಲದಿಂದಲೇ ಲಕ್ಷಾಂತರ ಬಡವರ ಹಕ್ಕನ್ನು ತಡೆದಿಟ್ಟಿದ್ದಾರೆ. ಯಾವ ಚರಿತ್ರೆ ಎಂದು ನಾವು ಕೇಳುತ್ತೇವೆ. ತರಂಗಂಬಾಡಿಯ ಚರಿತ್ರೆಯನ್ನು ಇವರಲ್ಲಿ ಯಾರಾದರೂ ಓದಿದ್ದಾರೆಯೇ?

1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಡೇನರು ಈ ಊರನ್ನು ಪಡೆದು ಡಾನ್ಸ್‌ಬೋರ್ಗ್ ಎಂಬ ಕೋಟೆ ಕಟ್ಟಿದರು. ಮೆಣಸು ಕೊಳ್ಳಲು ಬಂದ ಕುಂಪಣಿ ಅದು. ಎಂಬತ್ತಕ್ಕೂ ಹೆಚ್ಚು ವರ್ಷ ಅವರಿಗೆ ಇಲ್ಲಿಯ ಜನರ ಆತ್ಮದ ಚಿಂತೆ ಹತ್ತಿರವೂ ಸುಳಿಯಲಿಲ್ಲ. 1706ರ ಜುಲೈ 9ರಂದು ಜೀಗನ್‌ಬಾಲ್ಗ್, ಪ್ಲೂಚೌ ಎಂಬ ಇಬ್ಬರು ಜರ್ಮನ್ ಯುವಕರು ದೊರೆಯ ಕಾಗದ ಹಿಡಿದು ಹಡಗಿನಿಂದ ಇಳಿದಾಗ ಕುಂಪಣಿಯ ಅಧಿಕಾರಿ ಹಾಸಿಯಸ್‌ನ ಮುಖ ಕಪ್ಪಿಟ್ಟಿತು. ಊಳಿಗದವರಿಗೆ ಅಕ್ಷರ ಕಲಿಸುವವರು ಬಂದರೆ ಯಾವ ಧಣಿಗೆ ತಾನೇ ಹಿತ?

ಆ ಸಭೆಯ ಮೊದಲ ಸದಸ್ಯರು ಯಾರೆಂಬುದನ್ನು ಓದುಗರು ಗಮನಿಸಬೇಕು. 1707ರ ಮೇ ತಿಂಗಳಲ್ಲಿ ದೀಕ್ಷೆ ಪಡೆದ ಐವರೂ ಬಿಳಿಯರ ಮನೆಗಳಲ್ಲಿದ್ದ ಗುಲಾಮರು. ಹಿಂದುಸ್ತಾನದ ಮೊದಲ ಲುಥೆರನ್ ಸಭೆ ಆರಂಭವಾದುದು ಬೆಲೆಗೆ ಬಿಕರಿಯಾದ ಮನುಷ್ಯರಿಂದ. ಅದೇ ವರ್ಷದ ಆಗಸ್ಟ್ 14ರಂದು ಕಡಲ ದಡದ ಹತ್ತಿರ ಯೆರೂಸಲೇಮ್ ಎಂಬ ಚಿಕ್ಕ ಗುಡಿಯನ್ನು ತೆರೆದರು. ಉಪದೇಶ ನಡೆದುದು ತಮಿಳಿನಲ್ಲಿ, ಪೋರ್ಚುಗೀಸಿನಲ್ಲಿ. ಆ ಕಟ್ಟಡವನ್ನು ಮುಂದೆ ಸಮುದ್ರವೇ ತಿಂದುಹಾಕಿತು.

ಕುಂಪಣಿಗೂ ಪಾದ್ರಿಗೂ ಜಗಳ ಹತ್ತಿದ್ದು ಒಬ್ಬ ಬಡ ವಿಧವೆಯಿಂದ. ಆಕೆಯ ಗಂಡ ಕ್ಷೌರಿಕ. ಸತ್ತ ಆ ಗಂಡನಿಗೂ ಕುಂಪಣಿಯ ದುಭಾಷಿಯೊಬ್ಬನಿಗೂ ಸಾಲದ ವ್ಯಾಜ್ಯವಿತ್ತು. ವಿಧವೆಗೆ ಅನ್ಯಾಯವಾಗುತ್ತಿದೆಯೆಂದು ಜೀಗನ್‌ಬಾಲ್ಗ್ ನಡುವೆ ಬಾಯಿ ಹಾಕಿದ. ಹಾಸಿಯಸ್ ಅವನನ್ನು ಹಿಡಿಸಿ 1708ರ ನವೆಂಬರಿನಿಂದ ನಾಲ್ಕು ತಿಂಗಳು ಕೋಟೆಯಲ್ಲಿ ಕೂಡಿಹಾಕಿದ. ದೊರೆಯ ಅಪ್ಪಣೆಯಿಂದ ಬಂದವನನ್ನೂ ಕುಂಪಣಿ ಬಿಡಲಿಲ್ಲ, ಏಕೆಂದರೆ ಸಾಲದ ಲೆಕ್ಕಕ್ಕೆ ಕೈ ಹಾಕಿದವನು ಅವರಿಗೆ ಧರ್ಮದ್ರೋಹಿಗಿಂತಲೂ ದೊಡ್ಡ ಅಪರಾಧಿ. ಈ ಮನುಷ್ಯನ ಧೈರ್ಯಕ್ಕೆ ನಾವು ನಮಸ್ಕಾರ ಮಾಡುತ್ತೇವೆ. ಮತಾಂತರವೊಂದನ್ನೇ ನೋಡಿ ಪಾದ್ರಿಗಳನ್ನೆಲ್ಲ ಪರದೇಶದ ಏಜಂಟರೆಂದು ಬೈಯುವ ನಮ್ಮ ಕೆಲವು ಮಹನೀಯರು ಕ್ಷೌರಿಕನ ವಿಧವೆಗಾಗಿ ಒಂದು ರಾತ್ರಿಯನ್ನಾದರೂ ಸೆರೆಯಲ್ಲಿ ಕಳೆದಿದ್ದಾರೆಯೇ?

ಮುಂದಿನ ಕೆಲಸವೂ ಸಾಮಾನ್ಯವಲ್ಲ. ಹೆಣ್ಣುಮಕ್ಕಳಿಗೂ ಶಾಲೆ ತೆರೆದರು. 1712ರಲ್ಲಿ ಇಂಗ್ಲೆಂಡಿನಿಂದ ಮುದ್ರಣಯಂತ್ರ ಬಂತು, ಮರುವರ್ಷ ಜರ್ಮನಿಯ ಹಾಲೆಯಿಂದ ತಮಿಳು ಅಚ್ಚುಮೊಳೆಗಳು ಬಂದವು. 1715ರ ಹೊತ್ತಿಗೆ ತಮಿಳಿನ ಹೊಸ ಒಡಂಬಡಿಕೆ ಅಚ್ಚಾಗಿ ಮುಗಿಯಿತು. ಕಾಗದ ಸಾಲದೆಂದು ಪಕ್ಕದ ಪೊರೈಯಾರಿನಲ್ಲಿ ಕಾಗದದ ಕಾರ್ಖಾನೆಯನ್ನೇ ಹೂಡಿದರು. ಮೊಳೆ ಜೋಡಿಸಿದ ಕೈಗಳ, ಕಾಗದ ಅರೆದ ಕೈಗಳ ಹೆಸರುಗಳನ್ನು ಯಾವ ಗೋಡೆಯ ಮೇಲೂ ಕೆತ್ತಲಿಲ್ಲ. ಕೆತ್ತಿದ್ದು ದೊರೆಯ ಮುದ್ರೆಯನ್ನು.

ಸಭೆ ಬೆಳೆದು ಹಳೆಯ ಗುಡಿ ಸಾಲದಾಯಿತು. 1717ರ ಫೆಬ್ರುವರಿಯಲ್ಲಿ ಹೊಸ ದೇವಾಲಯಕ್ಕೆ ಕಲ್ಲು ಹಾಕಿದರು, 1718ರ ಅಕ್ಟೋಬರ್ 11ರಂದು ಪ್ರತಿಷ್ಠೆಯಾಯಿತು. ಕಟ್ಟಡ ಶಿಲುಬೆಯ ಆಕಾರದ್ದು, ನಾಲ್ಕು ದಿಕ್ಕಿಗೆ ನಾಲ್ಕು ತೋಳು. ಪ್ರತಿಷ್ಠೆಯಾಗಿ ಐದು ತಿಂಗಳು ತುಂಬುವ ಮೊದಲೇ, 1719ರ ಫೆಬ್ರುವರಿ 23ರಂದು, ಜೀಗನ್‌ಬಾಲ್ಗ್ ತೀರಿಕೊಂಡ. ವಯಸ್ಸು ಮೂವತ್ತಾರು. ಅವನ ಗೋರಿ ಅದೇ ಕಟ್ಟಡದೊಳಗಿದೆ.

ಇನ್ನು ನಾವು ಹೇಳಬೇಕಾದ ವಿಷಯಕ್ಕೆ ಬರುತ್ತೇವೆ. ಆ ಒಂದೇ ಸೂರಿನ ಕೆಳಗೆ ಜನ ಎರಡು ಸಾಲಾಗಿ ಕುಳಿತರು. ವೆಳ್ಳಾಳರು ಮೊದಲಾದ ಶೂದ್ರ ಕ್ರೈಸ್ತರದು ಒಂದು ಕಡೆ, ಪರೆಯ ಕ್ರೈಸ್ತರದು ಇನ್ನೊಂದು ಕಡೆ, ನಡುವೆ ತೆರಪು. ದೇವರು ಒಬ್ಬನೇ, ಪುಸ್ತಕ ಒಂದೇ, ಹಾಡು ಒಂದೇ. ಚಾಪೆ ಮಾತ್ರ ತಾಗಕೂಡದು! ಪಾದ್ರಿಗಳು ಇದನ್ನು ಕಂಡರು, ಕೊರಗಿದರು, ಸಹಿಸಿಕೊಂಡರು. ಬಿಗಿ ಹಿಡಿದರೆ ಮೇಲಿನವರು ಸಭೆ ಬಿಟ್ಟುಹೋದಾರು ಎಂಬ ಅಂಜಿಕೆ. ಮೇಲಿನವನು ಬಿಟ್ಟುಹೋಗುತ್ತಾನೆಂಬ ಹೆದರಿಕೆ ಎಲ್ಲ ಸಂಸ್ಥೆಗಳಿಗೂ ಇದ್ದದ್ದೇ, ಕೆಳಗಿನವನು ಎಲ್ಲಿಗೂ ಹೋಗಲಾರನೆಂಬ ಧೈರ್ಯವೂ ಅಷ್ಟೇ. ನಮ್ಮ ಪಕ್ಷಗಳೂ ಕಾರ್ಮಿಕ ಸಂಘಗಳೂ ಈ ಲೆಕ್ಕಾಚಾರದಿಂದ ಹೊರತಲ್ಲ.

1733ರ ಡಿಸೆಂಬರಿನಲ್ಲಿ ಆರೋನ್ ಎಂಬ ತಮಿಳನಿಗೆ ಪಾದ್ರಿಯ ಪಟ್ಟ ಕಟ್ಟಿದರು. ಹಿಂದುಸ್ತಾನದ ಪ್ರಾಟೆಸ್ಟೆಂಟರಲ್ಲಿ ಆ ಪಟ್ಟ ಪಡೆದ ಮೊದಲ ದೇಶೀಯ ಅವನು. ದೊಡ್ಡ ಮಾತು, ಸಂಶಯವಿಲ್ಲ. ಆರೋನ್ ಹುಟ್ಟಿನಿಂದ ವೆಳ್ಳಾಳ. ಅದೇ ಕಾಲದಲ್ಲಿ ರಾಜನಾಯಕನ್ ಎಂಬ ಉಪದೇಶಿಯಿದ್ದ. ತಂಜಾವೂರು ರಾಜನ ಪಡೆಯಲ್ಲಿ ಸಿಪಾಯಿಯಾಗಿದ್ದವನು, ಓದಿ ತಿಳಿದು ಸಭೆಗೆ ಬಂದವನು, ಹಳ್ಳಿಹಳ್ಳಿ ತಿರುಗಿ ದುಡಿದವನು. ಅವನಿಗೂ ಪಟ್ಟ ಕಟ್ಟುವ ಮಾತು ಬಂತು. ಅವನು ಪರೆಯ. ಅವನ ಕೈಯಿಂದ ಪ್ರಭುಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ವೆಳ್ಳಾಳರು ಸ್ವೀಕರಿಸುವುದಿಲ್ಲವೆಂದು ತಿಳಿದು ಮಾತನ್ನು ಕೈಬಿಟ್ಟರು. ಉಪದೇಶಿಯಾಗಿ ಬಂದವನು ಉಪದೇಶಿಯಾಗಿಯೇ ಸತ್ತ. ದೆಹಲಿಯ ವಕೀಲರು ಚರಿತ್ರೆ ಚರಿತ್ರೆ ಎನ್ನುತ್ತಾರಲ್ಲ, ಇದು ಯಾವ ದೇಶದ ಚರಿತ್ರೆ?

ಮುಂದಿನ ಶತಮಾನದಲ್ಲೂ ಗಾಯ ಮಾಯಲಿಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ವಿಲ್ಸನ್ ಆಂಗ್ಲಿಕನ್ ಸಭೆಗಳಲ್ಲಿ ಜಾತಿಭೇದ ಕೂಡದೆಂದು ಕಟ್ಟಪ್ಪಣೆ ಹೊರಡಿಸಿದಾಗ ತಂಜಾವೂರಿನ ಮೇಲ್ಜಾತಿ ಕ್ರೈಸ್ತರು ರಂಪ ಮಾಡಿ ಹೊರನಡೆದರು. ಹಾಗೆ ಹೋದವರಲ್ಲಿ ಹಲವರಿಗೆ ಮುಂದೆ ಆಸರೆ ಸಿಕ್ಕಿದ್ದು ತರಂಗಂಬಾಡಿಯ ಕೆಲಸವನ್ನು ವಹಿಸಿಕೊಂಡ ಲೀಪ್ಜಿಗ್ ಮಿಷನ್ನಿನಲ್ಲಿ. ಆ ಮಿಷನ್ನಿನ ನಾಯಕ ಗ್ರೌಲ್ ಎಂಬ ವಿದ್ವಾಂಸ ಜಾತಿ ಲೌಕಿಕ ವ್ಯವಸ್ಥೆ, ಅದನ್ನು ಬಲವಂತದಿಂದ ಕೀಳಬಾರದು ಎಂಬ ಸಿದ್ಧಾಂತವನ್ನೇ ಕಟ್ಟಿದ. ಓಕ್ಸ್ ಎಂಬ ಪಾದ್ರಿಗೆ ಇದು ಸಹಿಸಲಿಲ್ಲ. ಜಗಳವಾಡಿ ಮಿಷನ್ನನ್ನೇ ಬಿಟ್ಟು ಬೇರೆ ಕಡೆ ಕೆಲಸ ಹೂಡಿದ. ಓಕ್ಸ್‌ನ ಹೆಸರು ಎಷ್ಟು ಜನರಿಗೆ ಗೊತ್ತು?

ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಪೂರ್ತಿ ಲುಥೆರನ್ ಅಲ್ಲ, ಲುಥೆರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿದ ಸಂಘ. ಜಾತಿಯ ವಿಷಯದಲ್ಲಿ ಅವರು ಲೀಪ್ಜಿಗಿನವರಷ್ಟು ಸಡಿಲ ಬಿಡಲಿಲ್ಲ. ಜಾತಿ ಬಿಟ್ಟವನಿಗೆ ಕಸುಬೂ ಹೋಗುತ್ತಿದ್ದುದರಿಂದ ಮಗ್ಗದ ಕಾರ್ಖಾನೆ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಕೂಲಿ ಕೊಡುವವನೂ ಪ್ರಾರ್ಥನೆ ಹೇಳಿಸುವವನೂ ಒಬ್ಬನೇ ಆದರೆ ಕೂಲಿಯ ಪಾಡೇನು ಎಂಬುದು ಬೇರೆ ತಕರಾರು, ಅದನ್ನು ಇನ್ನೊಮ್ಮೆ ಬರೆದೇವು. ಮನಸ್ಸಿದ್ದರೆ ಚಾಪೆಗಳನ್ನು ಕೂಡಿಸಬಹುದಾಗಿತ್ತು ಎಂಬಷ್ಟಕ್ಕೆ ಈ ಮಾತು ಸಾಕು.

ಡೇನರು 1845ರಲ್ಲಿ ತರಂಗಂಬಾಡಿಯನ್ನೂ ಸೆರಾಂಪುರವನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿ ಕೈತೊಳೆದುಕೊಂಡರು. ಊರನ್ನು ಮಾರುವಾಗ ಊರವರನ್ನು ಕೇಳಲಿಲ್ಲ. ರೈಲು ನಾಗಪಟ್ಟಣಕ್ಕೆ ಹೋಯಿತು, ತರಂಗಂಬಾಡಿಯ ರೇವು ಸೊರಗಿತು. 1919ರಲ್ಲಿ ತಮಿಳು ಇವಾಂಜೆಲಿಕಲ್ ಲುಥೆರನ್ ಸಭೆ ಸ್ಥಾಪನೆಯಾಯಿತು, 1956ರಲ್ಲಿ ರಾಜಾ ಮಾಣಿಕ್ಕಂ ಅದರ ಮೊದಲ ಭಾರತೀಯ ಬಿಷಪ್ ಆದರು. 2004ರ ಡಿಸೆಂಬರ್ 26ರಂದು ಸುನಾಮಿ ಆ ಊರಿನ ಬೆಸ್ತರ ಕೇರಿಗಳನ್ನು ಬಡಿದುಹಾಕಿತು. ದೇವಾಲಯ ಮಾತ್ರ ಉಳಿಯಿತು.

ದೆಹಲಿಯ ಕಾಗದವೂ ಉಳಿದಿದೆ. 1950ರ ರಾಷ್ಟ್ರಪತಿಗಳ ಆಜ್ಞೆಯ ಮೂರನೆಯ ಕಂಡಿಕೆಯ ಪ್ರಕಾರ ಹಿಂದುವಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಸೇರಿಸಿದ್ದು ನ್ಯಾಯವೇ. ಕ್ರೈಸ್ತನೂ ಮುಸಲ್ಮಾನನೂ ಹೊರಗುಳಿದರು. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಆದಿದ್ರಾವಿಡ ಕ್ರೈಸ್ತನೊಬ್ಬನ ಕತೆ ನಮ್ಮ ಸಣ್ಣ ವ್ಯಾಪಾರಿಗಳಿಗೆ ತಿಳಿದಿರಬೇಕು. ಬೀದಿಬದಿಯ ಚಮ್ಮಾರರಿಗೆ ಪುಕ್ಕಟೆ ಗೂಡಂಗಡಿ ಕೊಡುವ ಯೋಜನೆ ಬಂದಾಗ ಪಕ್ಕದಲ್ಲಿ ಕುಳಿತ ಹಿಂದು ಚಮ್ಮಾರನಿಗೆ ಸಿಕ್ಕಿತು, ಇವನಿಗೆ ಇಲ್ಲವೆಂದರು. ಅದೇ ಉಳಿ, ಅದೇ ಬಿಸಿಲು, ಅದೇ ತೊಗಲು. ಅವನು ಸುಪ್ರೀಂ ಕೋರ್ಟಿನವರೆಗೆ ಹೋದ. 1985ರಲ್ಲಿ ತೀರ್ಪು ಬಂತು: ಕ್ರೈಸ್ತನಾದ ಮೇಲೂ ಅದೇ ಕಷ್ಟ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಎನ್ನಲು ಸಾಕಷ್ಟು ಪುರಾವೆ ಒದಗಿಸಿಲ್ಲ, ಅರ್ಜಿ ವಜಾ.

ಹೀಗೆ ಎರಡು ಕಡೆಯಿಂದಲೂ ಒಬ್ಬನಿಗೇ ಪೆಟ್ಟು. ಸಭೆಯ ಹಿರಿಯರು ನೀನು ಪರೆಯ, ಆಚೆ ಕೂಡು ಎಂದರು. ಸರಕಾರ ನೀನು ಕ್ರೈಸ್ತ, ನಿನ್ನಲ್ಲಿ ಪರೆಯನೇ ಇಲ್ಲ ಎನ್ನುತ್ತದೆ. ಸಭೆಗಳ ಹಿರಿಯರಿಗೂ ನಮ್ಮ ಪ್ರಶ್ನೆಯಿದೆ. ಹಕ್ಕಿಗಾಗಿ ದೆಹಲಿಗೆ ಅರ್ಜಿ ಕಳಿಸುವ ನೀವು ನಿಮ್ಮ ಹಳೆಯ ದಫ್ತರುಗಳನ್ನು ಬಿಚ್ಚಿ ರಾಜನಾಯಕನ್‌ನ ಕತೆಯನ್ನು ಕೋರ್ಟಿನ ಮುಂದಿಡಲು ಸಿದ್ಧರಿದ್ದೀರಾ? ಸಭೆಯ ಮಾನ ಹೋಗುತ್ತದೆಂದು ಬಾಯಿ ಮುಚ್ಚಿದರೆ ಸರಕಾರದ ಮಾತಿಗೆ ನೀವೇ ಸಾಕ್ಷಿಯಾಗುತ್ತೀರಿ.

ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಆ ಮೂರನೆಯ ಕಂಡಿಕೆಯನ್ನು ತೆಗೆದುಹಾಕಿ ಎಂದು ವರದಿ ಕೊಟ್ಟಿತು. ಸರಕಾರ ಅದನ್ನು ಒಪ್ಪದೆ 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ನೇಮಿಸಿತು. ಎರಡು ವರ್ಷದ ಗಡುವು ಕೊಟ್ಟರು. ಗಡುವು ಮುಗಿದಾಗ ಮತ್ತೊಂದು ವರ್ಷ ಕೊಟ್ಟರು. ವರದಿಯ ಮೇಲೆ ವರದಿ ಬೇಡ, ಆ ಕಂಡಿಕೆಯನ್ನು ಹೊಡೆದುಹಾಕಲು ಪಾರ್ಲಿಮೆಂಟಿನ ಒಂದು ದಿನ ಸಾಕು. ಓಟು ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಅವನು ಯಾವ ಪಕ್ಷದವನೇ ಆಗಿರಲಿ, ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ ಆ ದಿನ ಯಾವುದೆಂದು ಕೇಳಿರಿ.