ಹೆಬ್ಬೆಟ್ಟೂ ಹನ್ನೆರಡು ಅಂಕಿಗಳೂ

ರಾಜ್ಯವು ತನ್ನ ಪ್ರಜೆಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಕಚೇರಿಯ ಗುಮಾಸ್ತರಿಗೆ ಸೇರಿದ್ದೆಂದು ತೋರುತ್ತದೆ. ಆದರೆ ಆಧಾರ್ ಯೋಜನೆಯನ್ನು ಕುರಿತು ನಮ್ಮ ದೇಶದಲ್ಲಿ ನಡೆದ ದೀರ್ಘವಾದವನ್ನು ಗಮನಿಸಿದವರಿಗೆ, ಅದು ಪ್ರಜೆಗೂ ಪ್ರಭುತ್ವಕ್ಕೂ ಇರಬೇಕಾದ ಸಂಬಂಧದ ಪ್ರಶ್ನೆಯೆಂಬುದು ಹೊಳೆಯದಿರದು. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಓದುವ ಹಕ್ಕು, ಕರ್ತವ್ಯ, ಸ್ವಾತಂತ್ರ್ಯ ಎಂಬ ಮಾತುಗಳೆಲ್ಲ ಇಲ್ಲಿ ಬಂದು ಕೂಡುತ್ತವೆ. ಆದುದರಿಂದ ಈ ವಿಷಯದಲ್ಲಿ ನನಗೆ ತೋರಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬಯಸುತ್ತೇನೆ.

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. 2009ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಗುರುತಿನ ಪ್ರಾಧಿಕಾರವೊಂದನ್ನು ಸ್ಥಾಪಿಸಿತು. ಬೆಂಗಳೂರಿನ ನಂದನ್ ನಿಲೇಕಣಿಯವರು ಅದರ ಮೊದಲ ಅಧ್ಯಕ್ಷರಾದರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಗಳನ್ನು ಕೊಡಲಾಯಿತು. ಹತ್ತು ಬೆರಳುಗಳ ಅಚ್ಚು, ಎರಡು ಕಣ್ಣುಪಾಪೆಗಳ ಚಿತ್ರ, ಒಂದು ಭಾವಚಿತ್ರ ಇವನ್ನು ಪಡೆದು, ಅದಕ್ಕೆ ಪ್ರತಿಯಾಗಿ ಹನ್ನೆರಡು ಅಂಕಿಗಳನ್ನು ಕೊಡುವುದು ಈ ಯೋಜನೆಯ ಸಾರ. ಇಂದು 130 ಕೋಟಿಗೂ ಮಿಕ್ಕಿ ಸಂಖ್ಯೆಗಳು ಹಂಚಿಕೆಯಾಗಿವೆ. ಆದರೆ ಇದಕ್ಕೆ ಸಂಸತ್ತಿನ ಕಾಯಿದೆಯ ಬಲ ದೊರೆತದ್ದು 2016ರಲ್ಲಿ. 2010ರಲ್ಲಿ ತಂದ ಮಸೂದೆಯನ್ನು ಸಂಸತ್ತಿನ ಸ್ಥಾಯೀ ಸಮಿತಿಯು 2011ರಲ್ಲಿ ಒಪ್ಪಿರಲಿಲ್ಲ. ಕಾಯಿದೆ ಹುಟ್ಟುವ ಮೊದಲೇ ಕೋಟಿಗಟ್ಟಲೆ ಜನರ ಬೆರಳಚ್ಚು ಸರ್ಕಾರದ ಉಗ್ರಾಣವನ್ನು ಸೇರಿತ್ತು. ತೊಟ್ಟಿಲಿಗಿಂತ ಮೊದಲು ಕೂಸು ಹುಟ್ಟುವುದು ಲೋಕರೂಢಿಯಾದರೂ, ಕಾಯಿದೆಯ ವಿಷಯದಲ್ಲಿ ಅದು ಶ್ರೇಯಸ್ಕರವಲ್ಲ.

ಯೋಜನೆಯ ಪರವಾದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಳ್ಳಿಯಲ್ಲಿ ಹುಟ್ಟಿ, ಕೂಲಿಗಾಗಿ ಪಟ್ಟಣಕ್ಕೆ ಹೋದವನನ್ನು ಅಲ್ಲಿ ಬಲ್ಲವರಾರು? ಅವನಲ್ಲಿ ಮನೆಪತ್ರವಿಲ್ಲ, ಜನನಪತ್ರವಿಲ್ಲ. ಇಂಥವನೆಂದು ಹೇಳಲು ಊರಿನ ದೊಡ್ಡವರೊಬ್ಬರ ಕೃಪೆ ಬೇಕು. ಆ ಕೃಪೆಗೆ ತಕ್ಕ ಬೆಲೆಯನ್ನೂ ಅವನು ತೆರಬೇಕಾಗುತ್ತಿತ್ತು. ಯಾರ ಹಂಗೂ ಇಲ್ಲದೆ ‘ನಾನು ಇಂಥವನು’ ಎಂದು ಹೇಳಿಕೊಳ್ಳುವ ಸಾಧನವು ಬಡವನಿಗೆ ದೊರೆಯುವುದಾದರೆ ಅದು ಸಣ್ಣ ಲಾಭವಲ್ಲ. ಸತ್ತವರ ಹೆಸರಿನಲ್ಲಿ ಪಡಿತರ ಎತ್ತುವವರನ್ನು ತಡೆಯಬೇಕೆಂಬುದೂ ನ್ಯಾಯವೇ.

ಆದರೆ ಸಾಧನವು ಸಾಧನವಾಗಿರುವ ತನಕ ಮಾತ್ರ ಈ ಮಾತು ಸಲ್ಲುತ್ತದೆ. ಅದೇ ಹೆಬ್ಬಾಗಿಲಾಗಿ, ಅದರ ಮುಂದೆ ಬಡವನನ್ನು ನಿಲ್ಲಿಸಿದರೆ ಸಂಗತಿ ಬೇರೆಯಾಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆಯವರ ಸಾಲಪತ್ರಗಳ ಮೇಲೆಲ್ಲ ಹೆಬ್ಬೆಟ್ಟಿನ ಗುರುತೇ ಇದೆ. ಓದುಬರಹ ಬಾರದವರನ್ನು ‘ಹೆಬ್ಬೆಟ್ಟು’ ಎಂದೇ ಹೀಯಾಳಿಸುವುದು ನಮ್ಮ ಕಡೆಯ ವಾಡಿಕೆ. ಈಗ ಪಂಡಿತರೂ ಪಾಮರರೂ ಒಂದೇ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು, ಇದು ಸಮಾನತೆಯೇ ಅಲ್ಲವೆ ಎಂದು ಕೆಲವರು ಕೇಳಬಹುದು. ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಬೆಳಗು ನಿಂತು ನೋಡಿದವರಿಗೆ ಈ ಸಮಾನತೆಯ ಬಣ್ಣ ತಿಳಿಯುತ್ತದೆ. ನಮ್ಮ ತಾಯಿ ಮೂವತ್ತು ವರ್ಷಗಳಿಂದ ಕಳೆ ಕಿತ್ತು, ರಾಗಿ ಕೊಯ್ದು ಬಾಳಿದವರು. ಯಂತ್ರವು ಅವರ ಹೆಬ್ಬೆಟ್ಟನ್ನು ಒಂದು ಸಲ ಒಪ್ಪಲಿಲ್ಲ, ಎರಡನೆಯ ಸಲವೂ ಒಪ್ಪಲಿಲ್ಲ. ತಪ್ಪು ತಮ್ಮದೇ ಎಂಬಂತೆ ಅವರು ಕೈಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರು. ‘ನಾಳೆ ಬಾರಮ್ಮ’ ಎಂದರು. ಮಾರನೆಯ ದಿನ ತೋರುಬೆರಳು ಹೊಂದಿಕೊಂಡಿತು, ಅಕ್ಕಿ ಬಂತು. ಎರಡು ದಿನದ ಕೂಲಿ ಹೋಯಿತು. ಮೆತ್ತನೆಯ ಬೆರಳಿನ ಗೆರೆಗಳು ಅಳಿಯುವುದಿಲ್ಲ. ದುಡಿದ ಬೆರಳಿನವು ಸವೆಯುತ್ತವೆ. ಎಲ್ಲರನ್ನೂ ಒಂದೇ ಬಗೆಯಾಗಿ ಕೇಳುವ ಯಂತ್ರವು ಎಲ್ಲರ ಮೇಲೂ ಒಂದೇ ಭಾರವನ್ನು ಹೊರಿಸುತ್ತಿಲ್ಲ.

ಎರಡು ದಿನದ ಕೂಲಿಯಲ್ಲಿ ನಮ್ಮ ಕಷ್ಟ ತೀರಿತು. ಜಾರ್ಖಂಡದ ಸಿಮ್ಡೇಗಾ ಜಿಲ್ಲೆಯಲ್ಲಿ 2017ರಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳು ಸತ್ತಳು. ಆಧಾರಿಗೆ ಜೋಡಿಸದ ಕಾರಣ ಅವರ ಪಡಿತರ ಚೀಟಿ ರದ್ದಾಗಿತ್ತು; ಹಸಿವಿನಿಂದ ಸತ್ತಳೆಂದು ಮನೆಯವರು ಹೇಳಿದರು. ಸರ್ಕಾರವು ಮಲೇರಿಯಾ ಎಂದಿತು. ಕಾರಣ ಯಾವುದೇ ಇರಲಿ, ಅನ್ನವು ಅತ್ಯಗತ್ಯವಾಗಿದ್ದ ಮನೆಯೊಂದರ ಹೆಸರು ಪಟ್ಟಿಯಿಂದ ಅಳಿಸಿಹೋಗಿತ್ತೆಂಬುದು ಉಳಿಯುತ್ತದೆ.

‘ಮುಚ್ಚಿಡುವುದೇನೂ ಇಲ್ಲದವನಿಗೆ ಭಯವೇಕೆ?’ ಎಂಬುದು ಈ ವಾದದಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ. ನಮ್ಮೂರಿನ ಕಡುಬಡವನ ಗುಡಿಸಲಿಗೂ ಒಂದು ತಟ್ಟಿಬಾಗಿಲಿದೆ. ಒಳಗೆ ಕದ್ದ ಮಾಲಿದೆಯೆಂದು ಅವನು ಅದನ್ನು ಕಟ್ಟಿಲ್ಲ. ಅದು ತನ್ನ ಮನೆಯೆಂಬ ಕಾರಣಕ್ಕೆ ಕಟ್ಟಿದ್ದಾನೆ. ಈ ತಟ್ಟಿಬಾಗಿಲಿನ ಹಕ್ಕಿಗಾಗಿ ನ್ಯಾಯಾಲಯದ ಕದ ತಟ್ಟಿದವರು ನಮ್ಮ ನಾಡಿನವರೇ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ಇಳಿವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ಪರವಾಗಿ ವಾದಿಸಲಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಅದು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಮುಂದಿನ ವರ್ಷ ಸೆಪ್ಟೆಂಬರ್ 26ರಂದು ಐವರ ಪೀಠದಲ್ಲಿ ನಾಲ್ವರು ಯೋಜನೆಯನ್ನು ಎತ್ತಿಹಿಡಿದರು. ಆದರೆ ಬ್ಯಾಂಕ್ ಖಾತೆಗೂ ಮೊಬೈಲ್ ಸಂಖ್ಯೆಗೂ ಆಧಾರನ್ನು ಕಡ್ಡಾಯಮಾಡುವುದು ಸಲ್ಲದೆಂದರು. ಶಾಲೆಗೆ ಸೇರುವ ಮಗುವಿನಿಂದಲೂ ಅದನ್ನು ಕಡ್ಡಾಯವಾಗಿ ಕೇಳಕೂಡದೆಂದರು. ಐದನೆಯವರಾದ ನ್ಯಾಯಮೂರ್ತಿ ಚಂದ್ರಚೂಡರು ಇಡೀ ಕಾಯಿದೆಯೇ ಸಂವಿಧಾನಬಾಹಿರವೆಂದು ಭಿನ್ನಮತ ಬರೆದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ಮೊಕದ್ದಮೆಯ ಹೆಸರಾಗಿ ಉಳಿಯಿತು.

ಬೆರಳಚ್ಚಿನ ಈ ಪ್ರಶ್ನೆ ಭಾರತೀಯರಿಗೆ ಹೊಸದೂ ಅಲ್ಲ. 1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರವು ಅಲ್ಲಿನ ಏಷ್ಯದವರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಕಟ್ಟಳೆ ತಂದಾಗ, ಅದನ್ನು ಎದುರಿಸಲೆಂದೇ ಗಾಂಧೀಜಿಯವರ ಸತ್ಯಾಗ್ರಹ ಹುಟ್ಟಿತು. 1908ರ ಆರಂಭದಲ್ಲಿ ರಾಜಿಯಾದಾಗ ಅವರು ಸ್ವಇಚ್ಛೆಯಿಂದ ಬೆರಳಚ್ಚು ಕೊಡಲು ಒಪ್ಪಿದರು. ಆ ಕಟ್ಟಳೆ ರದ್ದಾಗದೆ ಉಳಿದಾಗ, ಅದೇ ವರ್ಷ ಆಗಸ್ಟಿನಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಭಾರತೀಯರು ತಮ್ಮ ನೋಂದಣಿಪತ್ರಗಳನ್ನು ಸುಟ್ಟರು. ಅವರು ವಿರೋಧಿಸಿದ್ದು ಶಾಯಿಯನ್ನಲ್ಲ, ಬಲಾತ್ಕಾರವನ್ನು. ಮನಸೊಪ್ಪಿ ಕೊಟ್ಟದ್ದಕ್ಕೂ ಹೆದರಿಸಿ ಪಡೆದದ್ದಕ್ಕೂ ಇರುವ ಅಂತರವನ್ನು ಗಾಂಧೀಜಿ ಬಲ್ಲವರಾಗಿದ್ದರು. ಹಸಿದವನ ಮುಂದೆ ಅಕ್ಕಿಯನ್ನಿಟ್ಟು ‘ನಿನಗೆ ಇಷ್ಟವಿದ್ದರೆ ಬೆರಳು ಕೊಡು’ ಎನ್ನುವುದನ್ನು ಸಮ್ಮತಿಯೆಂದು ಕರೆಯಬಹುದೆ?

ಹಾಗಾದರೆ ಯೋಜನೆಯನ್ನೇ ಕಿತ್ತೆಸೆಯಬೇಕೆ? ನನ್ನ ಅಭಿಪ್ರಾಯ ಅದಲ್ಲ. ಸಂಖ್ಯೆ ಇರಲಿ, ಬೇಕಾದವರಿಗೆ ಊರುಗೋಲಾಗಲಿ. ಆದರೆ ಯಂತ್ರ ಸೋತಾಗ ಅದರ ದಂಡವನ್ನು ಯಂತ್ರವಿಟ್ಟವರೇ ತೆರತಕ್ಕದ್ದು, ಸಾಲಿನಲ್ಲಿ ನಿಂತವರಲ್ಲ. ಸಂಖ್ಯೆ ಇನ್ನೂ ದೊರೆಯದವರಿಗೆ ಬೇರೆ ಗುರುತಿನ ಮೇಲೆ ಸೌಲಭ್ಯ ಕೊಡಬೇಕೆಂದು ಕಾಯಿದೆಯ 7ನೆಯ ಪ್ರಕರಣವೇ ಹೇಳುತ್ತದೆ. ಬೆರಳಚ್ಚು ಹೊಂದದ ಮಾತ್ರಕ್ಕೆ ಯಾರಿಗೂ ಸೌಲಭ್ಯ ತಪ್ಪಬಾರದೆಂಬ ಮಾತು 2018ರ ತೀರ್ಪಿನಲ್ಲಿಯೂ ಇದೆ. ದೆಹಲಿಯಲ್ಲಿ ಬರೆದ ಈ ಮಾತುಗಳು ನಮ್ಮೂರ ಅಂಗಡಿಯ ತಕ್ಕಡಿಯವರೆಗೆ ಬಂದು ಮುಟ್ಟಿಲ್ಲವೆಂಬುದೇ ಕೊರತೆ.

ಅದನ್ನು ಮುಟ್ಟಿಸತಕ್ಕವರು ಯಾರು? ಪದವಿಯ ಹೊಸ್ತಿಲಲ್ಲಿ ನಿಂತಿರುವ ನಾವಲ್ಲದೆ ಇನ್ನಾರು? ನಮ್ಮಲ್ಲಿ ಅನೇಕರು ಹೆಬ್ಬೆಟ್ಟಿನ ಮನೆಗಳಿಂದ ಬಂದವರು. ನಾಳೆ ನಮ್ಮಲ್ಲಿ ಕೆಲವರು ಗುಮಾಸ್ತರಾಗಿ, ಆಹಾರ ಇಲಾಖೆಯ ಅಧಿಕಾರಿಗಳಾಗಿ ಮೇಜಿನ ಆಚೆ ಬದಿಯಲ್ಲಿ ಕುಳಿತಿರುತ್ತೇವೆ. ಅಲ್ಲಿ ಎದುರಿಗೆ ನಿಂತವರ ಬೆರಳನ್ನು ಯಂತ್ರವು ಒಪ್ಪದಿದ್ದಾಗ, ತಲೆಯೆತ್ತಿ ಅವರ ಮುಖವನ್ನೊಮ್ಮೆ ನೋಡಿ ಹೆಸರು ಕೇಳುವಷ್ಟು ಶಿಕ್ಷಣವಾದರೂ ಈ ಕಾಲೇಜಿನಿಂದ ನಮಗೆ ದೊರೆತಿರಬೇಕು. ಪ್ರಜೆಯನ್ನು ಗುರುತಿಸುವ ಕೆಲಸ ಮೊದಲಾಗುವುದು ಅಲ್ಲಿಂದ.